ಬೆಂಕಿಗೆ ಬಿದ್ದ ಉಪ್ಪು

ಜೆಕೊಸ್ಲೊವಾಕಿಯಾದ ಸ್ಲೊವಾಕ್ ಬೆಟ್ಟಗಳಲ್ಲಿ ಊಟ ಮಾಡುವುದಾದರೆ ಮರದ ದಿಮ್ಮಿಗಳಿಂದ ಕಟ್ಟಿದ, ಕುರುಬರ ಗುಡಿಸಲಿನಂಥ ಹೋಟೆಲುಗಳಲ್ಲೇ ಮಾಡಬೇಕು. ನಾವು ಅಂಥದೊಂದರಲ್ಲಿ ನಿಂತದ್ದು ಭಯದಿಂದ. ಸ್ವಲ್ಪ ಮುಂಚೆ ನಮ್ಮ ಬಸ್ಸು ಹಿಮದಲ್ಲಿ ಜಾರಿ, ಮುಂದಿನ ಒಂದು ಚಕ್ರ ಕಣಿವೆಯ ಮೇಲೆ ತೇಲುತ್ತ ನಿಂತಿತ್ತು. ಡ್ರೈವರ್ ಹೇಗೋ ಹಿಂದಕ್ಕೆ ತಂದ. ಕಣ್ಣು ಮುಚ್ಚಿದರೆ ಆ ಚಕ್ರ ಇನ್ನೂ ತಿರುಗುತ್ತಿದೆ.

ಹೋಟೆಲಿನಾಕೆ ಬಿಸಿ ಹಲುಷ್ಕಿ ತಂದಿಟ್ಟಳು. ಆಲೂಗಡ್ಡೆ ಹಿಟ್ಟಿನ ಪುಟ್ಟ ಕಡುಬುಗಳು, ಮೇಲೆ ಕುರಿಹಾಲಿನ ಹುಳಿ ಚೀಸ್. ಹಂದಿಮಾಂಸದ ಚೂರು ಬೇಡವೆಂದರೆ ಹಾಕುವುದಿಲ್ಲ. ಜೊತೆಗೆ ಅತಿಥಿಗಳಿಗೆಂದು ಬ್ರೆಡ್ಡು, ಬಟ್ಟಲಲ್ಲಿ ಉಪ್ಪು. ನಾನು ಚಮಚ ಮುಟ್ಟಲಿಲ್ಲ.

ತರಬೇತಿಗೆ ಜೊತೆಯಲ್ಲಿ ಬಂದಿದ್ದ ನಮ್ಮ ಕಾರ್ಖಾನೆಯ ಹಿರಿಯ ಫೋರ್‌ಮನ್ ರಾಜಣ್ಣನನ್ನು ಕೇಳಿದೆ: "ಮತ್ತೆ ಅದೇ ಬಸ್ ಹತ್ತಬೇಕಾ?"

"ಇನ್ನೇನು, ವಿಜಯನಗರದ ನಿನ್ನ ಮನೆಗೆ ನಡ್ಕೊಂಡು ಹೋಗ್ತೀಯೇನೋ?" ಎಂದರು. ಆಮೇಲೆ ನನ್ನ ತುಂಬಿದ ತಟ್ಟೆ ನೋಡಿ, "ತಲೆ ಬಗ್ಸು ಮಗಾ" ಎಂದು ಬಟ್ಟಲಿನ ಉಪ್ಪನ್ನು ಹಿಡಿಯಷ್ಟು ತೆಗೆದು, ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಮೂಲೆಯಲ್ಲಿ ಉರಿಯುತ್ತಿದ್ದ ಬೆಂಕಿಗೆ ಎಸೆದರು. ಚಟಪಟ ಸದ್ದಾಯಿತು. ಮನೆಯ ಹೊಸಿಲಲ್ಲಿ ಅಮ್ಮ ಹೀಗೆಯೇ ದೃಷ್ಟಿ ತೆಗೆಯುತ್ತಾಳೆ, ಮೆಣಸಿನಕಾಯಿಯನ್ನೂ ಸೇರಿಸಿ. ಆ ಘಾಟಿಗೆ ಒಮ್ಮೆ ಕೆಮ್ಮಬೇಕೆಂದು ಜೀವ ಹಂಬಲಿಸಿತು.

ಹೋಟೆಲಿನಾಕೆ ಬೆರಗಾಗಿ ನಿಂತಳು. ಪಕ್ಕದ ಮೇಜಿನಿಂದ ಡ್ರೈವರ್ ಎದ್ದು ಬಂದ. ಅವನಿಗೆ ಏನು ಅರ್ಥವಾಯಿತೋ, ಟೋಪಿ ತೆಗೆದು ರಾಜಣ್ಣನ ಮುಂದೆ ತಲೆ ಬಗ್ಗಿಸಿದ. ರಾಜಣ್ಣ ಮತ್ತೊಂದು ಹಿಡಿ ಉಪ್ಪು ತೆಗೆದರು.

ನಾನು ಚಮಚ ಎತ್ತಿಕೊಂಡೆ.