ನೊಣದಾಕಿಯ ಮುಖ

ಇದನ್ನು ಹೇಳುವುದನ್ನು ಬಹಳ ದಿನದಿಂದ ಮುಂದೂಡುತ್ತ ಬಂದಿದ್ದೇನೆ. ಮೂರು ಸಲ ನೋಟ್‌ಬುಕ್ ತೆಗೆದು ಕೂತೆ. ಮೊದಲ ಸಲ ಬೋರ್ಡಿನ ಬಣ್ಣ ಕಲಸುವ ಬಗೆಯನ್ನು ಬರೆದೆ. ಎರಡನೆಯ ಸಲ ನನಗೆ ಕೆಲಸ ಕಲಿಸಿದ ಉಸ್ತಾದರ ಬಗ್ಗೆ ಬರೆದೆ. ಮೂರನೆಯ ಸಲ ಪೆನ್ನಿನಲ್ಲಿ ಶಾಯಿ ಇಲ್ಲವೆಂದು ಎದ್ದುಬಿಟ್ಟೆ. ಶಾಯಿ ಇತ್ತು. ಈಗ ಸೊಸೆಯ ಮೊಬೈಲಿನಲ್ಲಿ ಒಂದು ಮುಖ ಬಂದು ಕೂತಿದೆ. ಅದು ಬಂದ ಮೇಲೆ ಬೇರೆ ಮಾತು ಬರೆಯಲು ಕೈ ಒಪ್ಪುತ್ತಿಲ್ಲ.

ನಾನು ಸುರಪುರದಲ್ಲಿ ಬೋರ್ಡು ಬರೆಯುತ್ತಿದ್ದವನು. ಓದಿದ್ದು ಹತ್ತನೆಯ ತನಕ. ಅಂಗಡಿಯ ಹೆಸರು, ಟ್ರ್ಯಾಕ್ಟರಿನ ಹಿಂದಿನ ಅಕ್ಷರ, ಕಂಪೌಂಡು ಗೋಡೆಯ ಜಾಹೀರಾತು, ಯಾದಗಿರಿಯ ಸ್ಟೇಷನ್ ರಸ್ತೆಯಿಂದ ಶಹಾಪುರದ ತನಕ ನನ್ನ ಕೈಬರಹ ಓದದವರು ಕಡಿಮೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿದವು. ಮಗ ಯಾದಗಿರಿಯ ಆಫೀಸಿಗೆ ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಸೊಸೆ ಬೋನಾಳದ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಅವಳಿಗೆ ಒಂದು ಹುಚ್ಚು ಹಿಡಿದಿತ್ತು. ಕೈಯಲ್ಲಿ ಬರೆದ ಚಿತ್ರವನ್ನು ಮೊಬೈಲಿಗೆ ತೋರಿಸಿ, ಹೀಗೆ ಹೀಗೆ ಇರಬೇಕೆಂದು ಬರೆದರೆ, ಅದು ಆ ಚಿತ್ರದ ಮನುಷ್ಯನನ್ನು ಫೋಟೋ ಹೊಡೆದಂತೆ ಮಾಡಿ ಕೊಡುತ್ತದಂತೆ. ಮಕ್ಕಳಿಗೆ ಕಥೆ ಹೇಳಲು ಅಂಥ ಮಂದಿ ಬೇಕಾಗಿದ್ದರು ಅವಳಿಗೆ.

"ಪುಸ್ತಕದಾಗಿನ ಅವ್ವ, ಆಯಿ ಯಾರೂ ನಮ್ಮ ಕಡಿ ಮಂದಿ ಹಂಗ ಕಾಣಂಗಿಲ್ರಿ ಮಾವಾ. ಎಲ್ಲರೂ ಈಗ ಮಕಾ ತೊಳಕೊಂಡು ಬಂದಂಗ ಅದಾರ. ನಿಮ್ಮ ಕೈಯಾಗ ಹುಟ್ಟಿದ ಮಂದಿ ಭಾಳ ಅದಾರಲ್ಲ, ಒಬ್ಬರನ್ನರ ನಮ್ಮ ಸಾಲಿಗೆ ಕೊಡ್ರಿ."

"ತಗೊಂಡು ಹೋಗು. ಊಟಾ ಕೇಳೂದಿಲ್ಲ, ಸಂಬಳಾ ಕೇಳೂದಿಲ್ಲ," ಎಂದು ಹಳೆಯ ಚಿತ್ರದ ನೋಟ್‌ಬುಕ್ಕುಗಳನ್ನು ಟ್ರಂಕಿನಿಂದ ತೆಗೆದುಕೊಟ್ಟೆ.

ಅದೊಂದು ಭಾನುವಾರ, ಊಟ ಮುಗಿದಿತ್ತು. ಮೊದಲು ಅವಳು ಆರಿಸಿದ್ದು ಬೀಡಿ ಬೋರ್ಡಿನ ಪೈಲ್ವಾನನನ್ನು. ಪೆನ್ಸಿಲ್ಲಿನ ನಾಲ್ಕು ಗೆರೆಯ ಮೀಸೆ, ಉಬ್ಬಿದ ಕೆನ್ನೆ, ಅಷ್ಟೇ. ಮೊಬೈಲಿನಲ್ಲಿ ಒಂದು ಚಕ್ರ ಸ್ವಲ್ಪ ಹೊತ್ತು ಗಿರಗಿರ ತಿರುಗಿತು. ಆಮೇಲೆ ಅವನು ಬಂದ. ಕುತ್ತಿಗೆಯ ಮೇಲೆ ಬೆವರು, ಮೀಸೆಯಲ್ಲಿ ಎರಡು ಬಿಳಿ ಕೂದಲು. ನಾನು ಚಷ್ಮಾ ಒರೆಸಿಕೊಂಡು ನೋಡಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಕಣ್ಣು. ಕಣ್ಣಿನ ಕರಿಗುಡ್ಡೆಯೊಳಗೆ ಸಣ್ಣದೊಂದು ಕಿಟಕಿ ಇತ್ತು, ಸರಳು ಸಮೇತ.

"ಈ ಕಿಡಕಿ ಯಾರ ಮನಿದು?"

"ಯಾರ ಮನಿದೂ ಅಲ್ರಿ. ಕಣ್ಣಾಗ ಬೆಳಕು ಬಿದ್ದಂಗ ತೋರಸ್ತದ."

ಎದ್ದು ಹೋಗಿ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡೆ. ನಿಜ, ನನ್ನ ಕಣ್ಣಿನಲ್ಲಿ ನಮ್ಮ ಬಾಗಿಲು ಇತ್ತು, ಬಾಗಿಲ ಹೊರಗಿನ ಬಿಸಿಲೂ ಇತ್ತು. ನಾನು ಇಡೀ ಆಯುಷ್ಯ ಕಣ್ಣಿಗೆ ಒಂದು ಬಿಳಿ ಚುಕ್ಕೆ ಇಟ್ಟು ಮುಂದಿನ ಕೆಲಸಕ್ಕೆ ಹೋದವನು. ಒಂದು ಕಣ್ಣನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಇದಕ ಇಷ್ಟೆಲ್ಲಾ ಯಾರು ಕಲಸಿದ್ರು?" ಎಂದು ಬಂದು ಕೇಳಿದೆ.

"ಲಕ್ಷಗಟ್ಟಲೆ ಮುಖಾ ನೋಡಿ ಕಲತದಂತ್ರಿ. ಒಬ್ಬರದು ಇಷ್ಟು, ಇನ್ನೊಬ್ಬರದು ಇಷ್ಟು."

ನನಗೆ ನಗು ಬಂತು. ನನ್ನ ಉಸ್ತಾದರು ಹೇಳಿಕೊಟ್ಟದ್ದೂ ಇದನ್ನೇ. ಗೋಡೆಯ ಮೇಲೆ ಹೊಸ ಮನುಷ್ಯನನ್ನು ಬರೆಯಬೇಕಾದಾಗ ನಾವಿಬ್ಬರೂ ಸಂತೆಯ ಚಹಾದ ಅಂಗಡಿಯಲ್ಲಿ ಕೂತು ಮುಖ ಕದಿಯುತ್ತಿದ್ದೆವು. ಬಳೆಗಾರನ ಮೂಗು, ಕಂಡಕ್ಟರನ ಹಣೆ, ಜೋಳ ಅಳೆಯುವವನ ಗದ್ದ. "ಬೇಟಾ, ಒಂದು ಮುಖದಾಗಿಂದ ಎರಡೇ ಸಾಮಾನ ತಗೋ," ಎನ್ನುತ್ತಿದ್ದರು. "ಮೂರನೇದು ತಗೊಂಡ್ಯೋ, ಆ ಮುಖ ಬಂದು ನಿನ್ನ ಮುಂದ ನಿಂದರ್ತದ." ಗೋಡೆ ದೊಡ್ಡದು, ಅಲ್ಲಿ ಕಂಡ ಮನುಷ್ಯ ಜಗಳಕ್ಕೆ ಬರುತ್ತಾನೆ ಎಂಬುದು ಅವರ ಲೆಕ್ಕ. ನಮ್ಮ ಕೆಲಸದವರೆಲ್ಲ ಅದನ್ನು ಪಾಲಿಸುತ್ತಿದ್ದರು.

"ನಿನ್ನ ಫೋನಿನ ಉಸ್ತಾದ ಛಲೋ ಅದಾನ," ಎಂದೆ ಸೊಸೆಗೆ.

ಅವಳು ಹಾಳೆ ತಿರುವುತ್ತ ಒಂದು ಕಡೆ ನಿಂತಳು. "ಅಯ್ಯ! ಇಕಿ ಯಾರ್ರಿ? ಭಾರಿ ಅದಾಳಲ್ಲ!"

ಹಾಳೆಯಲ್ಲಿ ಒಬ್ಬ ಹೆಂಗಸು. ಮುಂದಿನ ಎರಡು ಹಲ್ಲಿನ ನಡುವೆ ಸಂದು, ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಯ ಮೇಲೆ ಬುಟ್ಟಿ, ಸುತ್ತ ನೊಣಗಳು. ಕೆಳಗೆ ನನ್ನ ಅಕ್ಷರದಲ್ಲಿ 'ನೊಣದಾಕಿ' ಎಂದಿತ್ತು.

"ಯಾರೂ ಅಲ್ಲ," ಎಂದೆ. "ನನ್ನ ತಲ್ಯಾಗಿಂದ ಬಂದಾಕಿ."

ಆ ಮಾತನ್ನು ನಾನು ಬದುಕಿನಲ್ಲಿ ಎರಡನೆಯ ಸಲ ಹೇಳಿದ್ದೆ. ಮೊದಲ ಸಲ ಹೇಳಿದ್ದು ಆ ಹೆಂಗಸಿಗೇ.

ಆಕೆ ನನ್ನ ಅಕ್ಕ. ಬೋನಾಳಕ್ಕೆ ಕೊಟ್ಟಿದ್ದರು. ನಮ್ಮದು ಮೀನು ಹಿಡಿಯುವ ಮನೆತನ. ಅವಳು ಕೆರೆಯ ಮೀನು ಬುಟ್ಟಿಯಲ್ಲಿ ಹೊತ್ತು ಸುರಪುರದ ಸಂತೆಗೆ ಬರುತ್ತಿದ್ದಳು. ನಾನು ಹತ್ತನೆಯ ತನಕ ಓದಿದ್ದು ಆ ಬುಟ್ಟಿಯಿಂದ. ಬ್ರಷ್ಷು ಹಿಡಿದು ನಾಲ್ಕು ಜನರಿಗೆ ಪರಿಚಯವಾದ ಮೇಲೆ ನನಗೆ ಮೀನಿನ ವಾಸನೆ ಆಗದಂತಾಯಿತು. ಸಂತೆಯ ದಿನ ಆಕೆ ಎದುರಿಗೆ ಬಂದರೆ ನಾನು ಡಬ್ಬಿಯೊಳಗೆ ಬಣ್ಣ ತಿರುವುತ್ತ ಕೂಡುತ್ತಿದ್ದೆ.

ಆಗ ಸಂತೆಯ ಎದುರಿನ ಗೋಡೆಗೆ ಸ್ವಚ್ಛತೆಯ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಎಡಕ್ಕೆ ತಿಳಿವಳಿಕೆಯ ಹೆಂಗಸು, ಬಲಕ್ಕೆ ತಿಳಿಗೇಡಿ ಹೆಂಗಸು. ಎಡಗಡೆಯವಳಿಗೆ ಉಸ್ತಾದರು ಹೇಳಿದಂತೆ ನಾಲ್ಕು ಕಡೆಯಿಂದ ಮುಖ ಕೂಡಿಸಿದೆ. ಬಲಗಡೆಯವಳಿಗೆ ಕೈ ತಾನಾಗಿ ಓಡಿತು, ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಗೋಡೆಯ ಮೇಲೆ. ಸಂದಿನ ಹಲ್ಲು, ಹಚ್ಚೆ, ಸೆರಗು, ಬುಟ್ಟಿ. ಎರಡು ಸಾಮಾನಲ್ಲ, ಇಡೀ ಮನುಷ್ಯಳನ್ನೇ ಎತ್ತಿಕೊಂಡು ಬಂದೆ. ಮೇಲೆ ನೊಣ ಕೂಡಿಸಿದೆ. ಗೊತ್ತಿಲ್ಲದೆ ಆಯಿತು ಎಂದು ಬರೆದರೆ ಈ ಬರಹವೇ ಬೇಡ. ಗೊತ್ತಿತ್ತು. ಸಂತೆಯ ಮಂದಿ ನಕ್ಕಾಗ ಅವರ ಜೊತೆಗಿದ್ದವನು ನಾನು, ಆಕೆಯ ಜೊತೆಗಿದ್ದವನಲ್ಲ ಎನ್ನುವುದು ನನಗೆ ಹಿತವಾಗಿತ್ತು.

"ಏ ನೊಣದಾಕಿ, ಮೀನ ಹ್ಯಾಂಗ ಕೊಟ್ಟಿ?" ಎಂದು ಕೂಗಲು ಶುರುಮಾಡಿದರು. ಮೊದಲು ಆಕೆಯೂ ನಕ್ಕಳಂತೆ. ಆಮೇಲೆ ಯಾರೋ ಗೋಡೆ ತೋರಿಸಿದರು. ಗೋಡೆ ನೋಡಿ ನೆಟ್ಟಗೆ ನನ್ನ ಹತ್ತಿರ ಬಂದಳು. ನಾನು ಏಣಿಯ ಮೇಲೆ ನಿಂತು ಬಟ್ಟೆ ಅಂಗಡಿಯ ಬೋರ್ಡು ಬರೆಯುತ್ತಿದ್ದೆ.

"ತಮ್ಮಾ, ಇಳಿ ಕೆಳಗ."

ನಾನು ಇಳಿಯಲಿಲ್ಲ.

"ಗ್ವಾಡಿ ಮ್ಯಾಲಿನಾಕಿ ನಾನೇನೋ?"

"ಅಲ್ಲಕ್ಕಾ. ಯಾರೂ ಅಲ್ಲ. ನನ್ನ ತಲ್ಯಾಗಿಂದ ಬಂದಾಕಿ."

"ನಿನ್ನ ತಲ್ಯಾಗ ನಾನು ಹಿಂಗ ಅದೀನೇನು, ನೊಣಾ ಹಚಗೊಂಡು?"

ಏಣಿಯ ಕೆಳಗಿದ್ದವರು ನಕ್ಕರು. ನಾನೂ ನಕ್ಕೆ. ಆಕೆ ಬುಟ್ಟಿ ಸರಿಮಾಡಿಕೊಂಡು ಹೋದಳು. ಮುಂದಿನ ವಾರದಿಂದ ಮೀನನ್ನು ಶಹಾಪುರಕ್ಕೆ ಒಯ್ದಳು. ಅದು ದೂರ, ಬಸ್ಸಿನಲ್ಲಿ ಬುಟ್ಟಿಗೆ ಕಂಡಕ್ಟರನ ಕೈಯಲ್ಲಿ ಬೈಸಿಕೊಳ್ಳಬೇಕು. ಎರಡು ಮಳೆಗಾಲಕ್ಕೆ ಗೋಡೆಯ ಬಣ್ಣ ಹೋಯಿತು, ಮೇಲೆ ಸುಣ್ಣ ಬಂತು. ಆಕೆ ಮಾತ್ರ ಸುರಪುರದ ಸಂತೆಗೆ ತಿರುಗಿ ಬರಲಿಲ್ಲ, ನಮ್ಮ ಮನೆಯ ಹೊಸ್ತಿಲಿಗೂ ಬರಲಿಲ್ಲ. ನನಗೆ ಶಹಾಪುರದಲ್ಲಿ ಕೆಲಸ ಬಿದ್ದಾಗ, ಬಸ್ಸಿನಲ್ಲಿದ್ದವರೆಲ್ಲ, ಮಲಗಿದ ಬುದ್ಧನ ಹಾಗೆ ಕಾಣುವ ಆ ಊರಿನ ಗುಡ್ಡದ ಕಡೆ ನೋಡಿದರೆ, ನಾನು ರಸ್ತೆಬದಿಯಲ್ಲಿ ಕೂತ ಹೆಂಗಸರ ಸಾಲು ನೋಡುತ್ತಿದ್ದೆ. ಆಕೆ ಕಂಡರೆ ತಲೆ ತಗ್ಗಿಸಬೇಕಲ್ಲ, ಅದಕ್ಕೆ. ಮದುವೆ ಮನೆಗಳಲ್ಲಿ ಎದುರಾದಾಗ "ಉಂಡ್ಯಾ?" ಎನ್ನುತ್ತಿದ್ದಳು. "ಹೂಂ" ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಉಳಿದದ್ದು ಆ ಎರಡು ಮಾತು. ಹೋದ ವರ್ಷ ತೀರಿಕೊಂಡಳು. ಸೊಸೆಗೆ ಬೋನಾಳದ ಕೆಲಸ ಸಿಕ್ಕಿದ್ದು ಆಮೇಲೆ; ಆಕೆಯನ್ನು ಕಂಡಿದ್ದು ಒಂದೆರಡು ಸಲ, ಅದೂ ಹಲ್ಲು ಬಿದ್ದು ಮುಖ ಸುಕ್ಕಾದ ಮೇಲೆ. ಆದ್ದರಿಂದ ಹಾಳೆಯ ಮೇಲಿನವಳ ಗುರುತು ಅವಳಿಗೆ ಹತ್ತಲಿಲ್ಲ.

"ಇಕಿನ್ನೇ ಮಾಡೂಣ್ರಿ. ಇಂಥಾಕಿನ್ನ ಕಂಡ್ರ ಮಕ್ಕಳು ಬಿಡಂಗಿಲ್ಲ. ದೊಡ್ಡದು ಮಾಡಿಸಿ ಸಾಲಿ ಗ್ವಾಡಿಗೆ ಹಚ್ತೀನಿ," ಎಂದಳು.

ಬೋನಾಳದ ಸಾಲಿಯ ಗೋಡೆ. ಅಕ್ಕನ ಮಗಳ ಮನೆ ಆ ಸಾಲಿಯಿಂದ ಕೂಗಳತೆಯಲ್ಲಿದೆ. ಬೇಡ ಎನ್ನಬೇಕಿತ್ತು. ಆದರೆ ಈ ಯಂತ್ರ ಆಕೆಯನ್ನು ಹೇಗೆ ಮಾಡೀತು ಎಂದು ನೋಡುವ ಆಸೆ ನನ್ನ ಬಾಯಿ ಮುಚ್ಚಿಸಿತು.

ಮೊದಲ ಸಲ ಬಂದವಳನ್ನು ನೋಡಿ ಇಬ್ಬರೂ ನಕ್ಕೆವು. ಹಾಲಿನಂಥ ಬಣ್ಣ, ಸಾಲುಗಟ್ಟಿದ ಬಿಳಿ ಹಲ್ಲು, ಮೂಗಿನಲ್ಲಿ ಕೈಬಳೆಯಷ್ಟು ದೊಡ್ಡ ನತ್ತು. ಬುಟ್ಟಿಯಲ್ಲಿ ಕರುವಿನಷ್ಟು ದೊಡ್ಡ ಸಮುದ್ರದ ಮೀನು.

"ಇಕಿ ಮೀನು ಮಾರಾಕ ಹೊಂಟಿಲ್ಲ, ಬೀಗರ ಮನಿಗೆ ಹೊಂಟಾಳ," ಎಂದೆ.

ಸೊಸೆ ಹಲ್ಲಿನ ಸಂದಿನ ಬಗ್ಗೆ ಬರೆದಳು. ಅದು ಒಂದು ಹಲ್ಲನ್ನೇ ಕಿತ್ತು ಕಳಿಸಿತು. ಮತ್ತೆ ಬರೆದಳು, ಸಂದನ್ನು ತುಂಬಿ ಕಳಿಸಿತು. ಹಚ್ಚೆಯ ಚುಕ್ಕೆಗಳು ಒಮ್ಮೆ ಮೊಡವೆಯಾದವು, ಒಮ್ಮೆ ಹರಳಿನ ಬೊಟ್ಟುಗಳಾದವು. ನೊಣಗಳನ್ನು ಅದು ಮೊದಲ ಸಲವೇ ತಾನಾಗಿ ಬಿಟ್ಟುಬಿಟ್ಟಿತ್ತು. ನನಗೆ ಆಶ್ಚರ್ಯವಾದದ್ದು ಅದೇ. ಯಾರೂ ಹೇಳದೆ ಇದು ಎಲ್ಲರನ್ನೂ ಚೊಕ್ಕ ಮಾಡುತ್ತದೆ. ನಾನು ಯಾರೂ ಹೇಳದೆ ಆಕೆಯನ್ನು ಹೊಲಸು ಮಾಡಿದ್ದೆ. ಎರಡರಲ್ಲೂ ಆಕೆ ಇರಲಿಲ್ಲ.

"ನೊಣಾ ಬೇಕೇನ್ರಿ?"

"ಬ್ಯಾಡ."

ಏಳನೆಯದೋ ಎಂಟನೆಯದೋ ಸಲ ಸಂದು ಸರಿಯಾಗಿ ಬಂತು. ನನಗೆ ಮೈಮೇಲೆ ಖಬರಿಲ್ಲದಂತಾಯಿತು. ಸೊಸೆಯ ಭುಜಕ್ಕೆ ಬಗ್ಗಿ ಒಂದೊಂದೇ ಹೇಳತೊಡಗಿದೆ. ಬಣ್ಣ ಇನ್ನೂ ಕಪ್ಪು. ಮೊಳಕೈ ತನಕ ಮೀನಿನ ಪೊರೆ ಅಂಟಿರಬೇಕು, ಬಿಸಿಲಿಗೆ ಹೊಳೆಯಬೇಕು. ನಗುವಾಗ ಬಲಗಣ್ಣು ಸಣ್ಣದಾಗುತ್ತದೆ, ಎಡದ್ದು ಆಗುವುದಿಲ್ಲ. ಎಡಹುಬ್ಬು ನಡುವೆ ಕಡಿದಿರಬೇಕು, ಅಲ್ಲಿ ಕೂದಲು ಬರುವುದಿಲ್ಲ.

ಸೊಸೆಯ ಬೆರಳು ನಿಂತಿತು. ನೋಟ್‌ಬುಕ್ ಹತ್ತಿರ ಎಳೆದುಕೊಂಡು ನೋಡಿದಳು.

"ಮಾವಾ, ಚಿತ್ರದಾಗ ಹುಬ್ಬು ಇಡಿಯಾಗೇ ಅದ ಅಲ್ರಿ."

ನಾನು ಅವಳ ಭುಜದಿಂದ ಹಿಂದೆ ಸರಿದು ಕೂತೆ.

"ಹುಬ್ಬು ಹ್ಯಾಂಗ ಕಡೀತು?"

"ಬುಗುರಿ ಬಡದು."

"ಯಾರ ಬುಗುರಿ?"

"ನಂದು. ಸಣ್ಣಾಂವ ಇದ್ದೆ."

ಆಮೇಲೆ ಹೇಳಿದೆ. ಗೋಡೆ, ಏಣಿ, ನಗು, ಶಹಾಪುರದ ಬಸ್ಸು, ಎಲ್ಲ. ಅವಳು ಸಮಾಧಾನ ಹೇಳಲಿಲ್ಲ. ಮುಗಿದ ಮೇಲೆ ಮೊಬೈಲು ಮಗುಚಿ ಇಟ್ಟು, "ಅಂದ್ರ ನಾಳೆ ನಾನು ಇದನ್ನ ಹಚ್ಚಿದ್ರ ಆಕಿನ್ನ ಎರಡನೇ ಸಲ ಗ್ವಾಡಿಗೆ ಹಚ್ಚಿದಂಗ ಆಗ್ತಿತ್ತು," ಎಂದಳು. "ಅದೂ ಆಕಿ ಊರಾಗ. ಅದೂ ನನ್ನ ಕೈಲೆ."

"ಅಳಿಸಿಬಿಡು."

"ಅಳಿಸೂದು ಸಸಾರ ಅದರಿ. ಆಕಿ ಮಗಳ ಮನಿಯಾಗ ಆಕಿ ಪಟಾ ಅಂದ್ರ ಆಧಾರ್ ಕಾರ್ಡಿನ ಜೆರಾಕ್ಸ್, ಮಸಿ ಬಳದಂಗ ಅದ. ನಾ ನೋಡೀನಿ." ನೋಟ್‌ಬುಕ್ ಮುಚ್ಚಿ ಹೇಳಿದಳು, "ಆಕಿ ಮಗಳನ್ನ ಕೇಳಬೇಕು. ಬ್ಯಾಡ ಅಂದ್ರ ಅಳಿಸೂಣು. ಹಚ್ಚು ಅಂದ್ರ ಹಚ್ಚೂಣು. ಆದ್ರ ನಾ ಕೇಳಂಗಿಲ್ಲ. ನೀವೇ ಕೇಳಬೇಕು."

"ಏನಂತ ಕೇಳಲಿ?"

"ಅದನ್ನೂ ನಾನೇ ಟೈಪ್ ಮಾಡಿ ಕೊಡಬೇಕೇನ್ರಿ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರುವ ಭಾನುವಾರ ಬೋನಾಳಕ್ಕೆ ಹೋಗಬೇಕು. ಅಕ್ಕನ ಮಗಳ ಮುಂದೆ ಬಾಯಿ ಕಟ್ಟಿದರೆ ಈ ಹಾಳೆಗಳನ್ನು ಕೈಗಿಟ್ಟು ಕೂಡುತ್ತೇನೆ. ಆಕೆ ಬಾಗಿಲು ಹಾಕಿಕೊಂಡರೆ ಅದೂ ಸರಿ. ಮಗಳಿಗೆ ಕೇಳಿದ ಕ್ಷಮೆ ತಾಯಿಗೆ ಮುಟ್ಟುವುದಿಲ್ಲವೆಂಬುದು ನನಗೆ ಗೊತ್ತಿದೆ.

ಅವತ್ತು ಸೊಸೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಚಹಾ ಇಡಲು ಒಳಗೆ ಹೋದಳು. ಮುಖವನ್ನು ದೊಡ್ಡದು ಮಾಡಿದೆ. ಹುಬ್ಬು ಕಡಿದಿತ್ತು, ಬಲಗಣ್ಣು ಸಣ್ಣದಾಗಿತ್ತು, ನಕ್ಕಿದ್ದಳು. ಎಡಗಣ್ಣಿನೊಳಗೆ ಮತ್ತೆ ಅದೇ ಕಿಟಕಿ. ಇನ್ನೂ ದೊಡ್ಡದು ಮಾಡಿ ಹುಡುಕಿದೆ. ನನ್ನ ಹತ್ತಿರ ಬಂದು ನಿಂತ ದಿನ ಆಕೆಯ ಕಣ್ಣಿನಲ್ಲಿ ಕಿಟಕಿ ಇದ್ದಿರಲಿಕ್ಕಿಲ್ಲ. ಒಂದು ಏಣಿ ಇದ್ದೀತು, ಏಣಿಯ ಮೇಲೆ ಒಬ್ಬ ಇದ್ದಾನು. ಅಷ್ಟು ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಾನು ಹೇಳಬೇಕು.

ಸೊಸೆ ಒಳಗಿನಿಂದಲೇ ಕೂಗಿದಳು. "ಸೇವ್ ಮಾಡ್ರಿ ಮಾವಾ, ಇಲ್ಲಾಂದ್ರ ಹೋಗಿಬಿಡ್ತದ. ಹೆಸರಿನ ಜಾಗಾದಾಗ ನಾ ನೋಟ್‌ಬುಕ್ ನೋಡಿ ಬರದಿದ್ದೆ, ಅದನ್ನ ತಗೀರಿ."

ಚಿತ್ರದ ಕೆಳಗಿನ ಸಣ್ಣ ಚೌಕದಲ್ಲಿ 'ನೊಣದಾಕಿ' ಎಂದಿತ್ತು. ಒಂದೊಂದೇ ಅಕ್ಷರ ಅಳಿಸಿದೆ. ಆಳೆತ್ತರದ ಅಕ್ಷರ ಬರೆದ ಬೆರಳಿಗೆ ಆ ಕಾಳಿನಷ್ಟು ಗುಂಡಿಗಳು ಸಿಗಲಿಲ್ಲ. ತಪ್ಪಿತು, ಅಳಿಸಿದೆ, ಮತ್ತೆ ಒತ್ತಿದೆ. ಚೌಕದಲ್ಲಿ ಕಡೆಗೆ ನಿಂತದ್ದು ಎರಡು ಮಾತು: ನನ್ನ ಅಕ್ಕ.