ಒಂದು ನನ್ನ ಹಾಡು, ಒಂದು ಅವರ ಹಾಡು

ಸದ್ಯಕ್ಕೆ ನಿಮಗೆ ಯಾವ ಹಾಡು ಇಷ್ಟ ಎಂದು ಯಾರಾದರೂ ಕೇಳಿದರೆ ಸಾಕು, ನಾನು ಬಸ್ಸು ತಪ್ಪಿಸಿಕೊಂಡಾದರೂ ಉತ್ತರ ಹೇಳುವವಳು. ಶಿರಹಟ್ಟಿಯ ನಮ್ಮ ಶಾಲೆಯ ಶಿಕ್ಷಕಿಯರು ವಾಟ್ಸಪ್ ಗುಂಪಿನಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಭಾನುವಾರ ಯಾರ ಪಾಳಿಯೋ ಅವರು ತಮಗೆ ಹಿಡಿಸಿದ ಹಾಡುಗಳನ್ನು ಹಾಕಬೇಕು, ಯಾಕೆ ಹಿಡಿಸಿತು ಎಂದು ಎರಡು ಮಾತು ಬರೆಯಬೇಕು. ಹಾಡು ಹಳೆಯದಿದ್ದರೂ ಅಡ್ಡಿಯಿಲ್ಲ, ಆದರೆ ಈಗ ನಾಲಿಗೆಯ ಮೇಲೆ ಆಡುತ್ತಿರಬೇಕು. ಒಳ್ಳೆಯವರು ಎನಿಸಿಕೊಳ್ಳಲು ಬರೀ ಭಕ್ತಿಗೀತೆ ಹಾಕಿದವರನ್ನು ಸೋಮವಾರ ಸ್ಟಾಫ್ ರೂಮಿನಲ್ಲಿ ನಾವು ಸುಮ್ಮನೆ ಬಿಡುವುದಿಲ್ಲ.

ಈ ಸಲ ನನ್ನ ಪಾಳಿ ಬಂದಾಗ ಹಾಕಿದ್ದು ಇವು. ಮೊದಲನೆಯದು ಬೆಳ್ಳಟ್ಟಿ ಕಡೆಯ ಹುಡುಗರು ತಾವೇ ಕಟ್ಟಿ ಮೊಬೈಲಿಗೆ ಬಿಟ್ಟ ಜಾನಪದ ಹಾಡು. ಅದರಲ್ಲಿ ಹುಡುಗಿ ಬೆನ್ನು ಹತ್ತಿದವನಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಾಳೆ, ಅದಕ್ಕೇ ನನಗೆ ಇಷ್ಟ. ಎರಡನೆಯದು ಮೊಹರಂ ಪದ. ಲಕ್ಷ್ಮೇಶ್ವರದಿಂದ ಬರುವ ಸಹೋದ್ಯೋಗಿಯ ಅಪ್ಪ ಹಾಡಿದ್ದು, ಕೇಳಿದಾಗಲೆಲ್ಲ ಮಾಡುತ್ತಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಸಿನಿಮಾ ಹಾಡು. ಆ ಸಿನಿಮಾ ನಾನು ನೋಡಿಲ್ಲ, ನೋಡುವುದೂ ಇಲ್ಲ, ನೋಡಿದರೆ ಹಾಡು ಕೆಟ್ಟುಹೋಗುತ್ತದೆ. ನಾಲ್ಕನೆಯದು ನನ್ನ ತವರು ಮುಂಡರಗಿಯಲ್ಲಿ ದೊಡ್ಡವ್ವ ಹೊಸ ಖಾರ ಕುಟ್ಟುತ್ತ ಹಾಡಿದ ಪದ. ಹೋದ ಸಲ ಹೋದಾಗ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದೆ. ವಾದ್ಯ ಗೀದ್ಯ ಏನೂ ಇಲ್ಲ. ಒನಕೆ ಬೀಳುವ ಸಪ್ಪಳ, ಅದರ ನಡುವೆ ದೊಡ್ಡವ್ವನ ಸಣ್ಣ ದನಿ.

ಐದನೆಯದು ನಮ್ಮ ಮನೆಯವರ ಹಾಡು. ಡೊಳ್ಳು ಶುರುವಾದರೆ ಮುಗಿಯುವವರೆಗೆ ಡೊಳ್ಳೇ. ಇದರಲ್ಲಿ ಹಾಡು ಎಲ್ಲಿದೆ ಎಂದು ಹುಡುಕಿ ಕೊಟ್ಟವರಿಗೆ ಚಹಾ ಕೊಡಿಸುತ್ತೇನೆ ಎಂದು ಕೆಳಗೆ ಬರೆದೆ. ಗುಂಪಿನಲ್ಲಿ ನಗುವೋ ನಗು.

ಅವರ ಹಾಡನ್ನು ನನ್ನ ಪಟ್ಟಿಗೆ ಸೇರಿಸಲು ಕಾರಣವಿದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಅವರದು ಪಾವರ್‌ಲೂಮ್ ಮಗ್ಗ, ಸೀರೆ ನೇಯುತ್ತಾರೆ. ಸಂಜೆ ನಾನು ಶಾಲೆಯಿಂದ ಬರುವುದಕ್ಕೂ ಅವರು ಮಗ್ಗ ನಿಲ್ಲಿಸಿ ಬರುವುದಕ್ಕೂ ಸರಿಹೋಗುತ್ತದೆ. ಚಹಾ ಕುಡಿಯುತ್ತ ಒಂದು ನನ್ನ ಹಾಡು, ಒಂದು ಅವರ ಹಾಡು ಹಚ್ಚುತ್ತೇವೆ. ಮದುವೆಯಾದ ಹೊಸದರಲ್ಲಿ ಟೇಪ್ ರೆಕಾರ್ಡರಿನಿಂದ ಶುರುವಾದದ್ದು, ಈಗ ಮೊಬೈಲಿಗೆ ಬಂದಿದೆ. ನಾನು ಏನೇ ಹಚ್ಚಿದರೂ ಅವರು ಛಲೋ ಐತಿ ಎನ್ನುತ್ತಾರೆ. ಅವರು ಏನೇ ಹಚ್ಚಿದರೂ ನಾನು ಒಂದು ತಪ್ಪು ಹುಡುಕುತ್ತೇನೆ. ಹಾಗೆ ಹೊಂದಿಕೊಂಡು ಸುಖವಾಗಿ ನಡೆದಿತ್ತು ಸಂಸಾರ.

ಆ ಭಾನುವಾರ ಸಂಜೆ ನನ್ನ ಪಾಳಿಗೆ ದೊಡ್ಡವ್ವನ ಪದ ಹಚ್ಚಿದೆ. ಮೊಬೈಲು ಗೋಡೆಗೂಡಿನಲ್ಲಿತ್ತು. ಅವರು ಗೋಡೆಗೆ ಆತು ಕುಳಿತಿದ್ದರು. ಪದ ಅರ್ಧಕ್ಕೆ ಬಂದಿತ್ತು, ನನ್ನ ಕಣ್ಣು ಆಗಲೇ ತುಂಬಿಕೊಂಡಿತ್ತು. ಆಗ ಅವರು ಕೇಳಿದರು:

“ಹಾಡು ಯಾವಾಗ ಶುರು ಆಗತೈತಿ?”

ಗುಂಪಿನಲ್ಲಿ ನಾನು ಮಾಡಿದ ಚೇಷ್ಟೆಗೆ ಸೇಡು ತೀರಿಸುತ್ತಿದ್ದಾರೆ ಎಂದುಕೊಂಡೆ. ನಕ್ಕೆ. ಅವರು ನಗಲಿಲ್ಲ. “ಬರೇ ಕುಟ್ಟೋ ಸಪ್ಪಳ ಬರಾಕತ್ತೈತಲ್ಲ” ಎಂದರು, ಪಾಪ, ನಿಜವಾಗಿಯೂ ಕಾಯುತ್ತಿದ್ದವರ ಹಾಗೆ.

ನಾನು ಲೋಟ ತೆಗೆದುಕೊಂಡು ಎದ್ದೆ. ಅವರ ಬೆನ್ನ ಹಿಂದಿನ ಬಾಗಿಲಲ್ಲಿ ನಿಂತು, ಇನ್ನೊಂದು ಕಪ್ಪು ಚಹಾ ಬೇಕೇ ಎಂದು ಮೆಲ್ಲಗೆ ಕೇಳಿದೆ. ಉತ್ತರವಿಲ್ಲ. ಚಹಾ ಎಂದರೆ ಉತ್ತರ ಕೊಡದ ಮನುಷ್ಯ ಅವರಲ್ಲ. ಮುಂದೆ ಬಂದು ಅಷ್ಟೇ ಮೆಲ್ಲಗೆ ಕೇಳಿದೆ. ಅರ್ಧ ಕಪ್ಪು ಸಾಕು ಎಂದರು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು.

ಇಷ್ಟು ವರ್ಷ ಇದು ಗೊತ್ತಾಗದೆ ಹೇಗಿತ್ತು ಎಂದು ಹೊರಗಿನವರಿಗೆ ಅನ್ನಿಸಬಹುದು. ಅಂಥವರು ನಮ್ಮ ಓಣಿಗೆ ಒಮ್ಮೆ ಬರಬೇಕು. ಬೆಳಗ್ಗೆಯಿಂದ ಸಂಜೆಯವರೆಗೆ ಮಗ್ಗಗಳ ಖಟಾಖಟ್. ಅದರ ಮುಂದೆ ಯಾರ ಮಾತೂ ನಡೆಯುವುದಿಲ್ಲ. ನೂಲು ಸುತ್ತಿದ ಕಂಡಿಕೆ ಮುಗಿದರೆ ಕಿರುಬೆರಳು ತೋರಿಸುತ್ತಾರೆ, ಎಳೆ ಹರಿದರೆ ಎರಡು ಬೆರಳು ಕೂಡಿಸಿ ಬಿಡಿಸುತ್ತಾರೆ. ಉಳಿದದ್ದನ್ನೆಲ್ಲ ಒಬ್ಬರ ಬಾಯಿ ಒಬ್ಬರು ನೋಡಿ ತಿಳಿದುಕೊಳ್ಳುತ್ತಾರೆ. ಮಗ್ಗ ನಿಂತ ಮೇಲೂ ಅದೇ ರೂಢಿ. ನಾಲ್ಕು ಮನೆಗೆ ಕೇಳುವಂತೆ ಮಾತಾಡುವುದು, ಮುಖ ನೋಡಿಕೊಂಡು ಕೇಳುವುದು. ಮುಂಡರಗಿಯಿಂದ ಮದುವೆಯಾಗಿ ಬಂದಾಗ ಇವರೆಲ್ಲ ಯಾಕೆ ಜಗಳಾಡುತ್ತಿದ್ದಾರೆ ಎಂದು ಹೆದರಿದ್ದೆ. ಒಂದು ವರ್ಷದಲ್ಲಿ ನನ್ನ ದನಿಯೂ ಹಾಗೇ ಆಯಿತು. ಶಾಲೆಯಲ್ಲಿ ನಾನು ಪಾಠ ಮಾಡಿದರೆ ಪಕ್ಕದ ತರಗತಿಗೂ ಆಗುತ್ತದೆ ಎಂದು ಹೆಡ್ ಮಿಸ್ಸು ಇಂದಿಗೂ ಛೇಡಿಸುತ್ತಾರೆ. ಎಲ್ಲರೂ ಕೂಗಿ ಮಾತಾಡುವ ಓಣಿಯಲ್ಲಿ ಯಾರ ಕಿವಿ ಹೋಗಿದೆ, ಯಾರದು ಉಳಿದಿದೆ ಎಂದು ತಿಳಿಯುವುದೇ ಇಲ್ಲ. ಆದರೆ ಹಾಡಿಗೆ ನೋಡಲು ಬಾಯಿ ಇರುವುದಿಲ್ಲ.

ಎದುರು ಕುಳಿತು ನೇರವಾಗಿ ಕೇಳಿದೆ. ಅವರು ಮೊದಲು ಹಾರಿಸಿದರು. ಆಮೇಲೆ, ದಪ್ಪ ಸಪ್ಪಳ ಎಲ್ಲ ಕೇಳುತ್ತದೆ, ಸಣ್ಣವು ಮಾತ್ರ ಯಾವಾಗಲೋ ಹೋಗಿವೆ ಎಂದು ಒಪ್ಪಿಕೊಂಡರು. ಹಾಗಾದರೆ ನನ್ನ ಹಾಡುಗಳಿಗೆಲ್ಲ ಛಲೋ ಐತಿ ಎಂದಿದ್ದು ಹೇಗೆ ಎಂದೆ.

“ನಿನ್ನ ಮಾರಿ ನೋಡಿ ಹೇಳತಿದ್ದೆ. ನಿನಗ ಛಲೋ ಅನಿಸಿದ್ದು ನನಗೂ ಛಲೋ.”

ಬೇರೆ ಯಾವಾಗಲಾದರೂ ಈ ಮಾತು ಹೇಳಿದ್ದರೆ ಉಬ್ಬಿಹೋಗುತ್ತಿದ್ದೆ. ಅಂದು ಹಾಗಾಗಲಿಲ್ಲ. ಇಬ್ಬರೂ ಕೂಡಿ ಕೇಳುತ್ತಿದ್ದೇವೆ ಎಂದುಕೊಂಡ ಹಾಡುಗಳನ್ನು ಎಷ್ಟೋ ಸಂಜೆ ನಾನೊಬ್ಬಳೇ ಕೇಳಿದ್ದೆ. ಹೀಗೇ ಬಿಟ್ಟರೆ ಇಂದು ದೊಡ್ಡವ್ವನ ದನಿ, ನಾಳೆ ನನ್ನದು. ಆ ಭಯವನ್ನು ಅವರಿಗೂ ಹೇಳಿದೆ. ಗದಗಿನಲ್ಲಿ ಕಿವಿಯ ಡಾಕ್ಟರು ಇದ್ದಾರೆ, ತೋರಿಸೋಣ ಎಂದೆ. ಅವರು ಸುತರಾಂ ಒಪ್ಪಲಿಲ್ಲ. ಓಣಿಯಲ್ಲಿ ಎಲ್ಲರ ಕಿವಿಯೂ ಹೀಗೇ ಇರುವಾಗ ತಾನೊಬ್ಬನೇ ಕಿವಿಗೆ ಮಷೀನು ಸಿಗಿಸಿಕೊಂಡು ಅಡ್ಡಾಡಿ ಕೆಪ್ಪ ಎನಿಸಿಕೊಳ್ಳುವುದಿಲ್ಲ ಎಂದರು.

ನಾನೂ ಹಟಮಾರಿಯೇ. ಮರುದಿನದಿಂದ ನನ್ನ ಪಾಳಿಯ ಹಾಡು ಹಚ್ಚುವುದನ್ನು ಬಿಟ್ಟೆ. ಅವರ ಡೊಳ್ಳಿನ ಹಾಡು ಮುಗಿಯುತ್ತಿತ್ತು, ಅವರು ನನ್ನ ಮುಖ ನೋಡುತ್ತಿದ್ದರು, ನಾನು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಜಗಳವಿಲ್ಲ, ಬೈಗುಳವಿಲ್ಲ. ಒಂದು ವಾರ ಹೀಗೆ ನಡೆಯಿತು. ಒಂದು ಸಂಜೆ ಅವರು ತಮ್ಮ ಹಾಡನ್ನೂ ಹಚ್ಚಲಿಲ್ಲ. ಚಹಾ ತಣ್ಣಗಾಗುವವರೆಗೆ ಕುಳಿತಿದ್ದು, ನಾಳೆ ಶಾಲೆಗೆ ರಜೆ ಹಾಕು, ಡಾಕ್ಟರ ಹತ್ತಿರ ಹೋಗಿ ಬರೋಣ ಎಂದರು. ಒಬ್ಬರೇ ಹಾಡು ಕೇಳಲು ಬೇಸರ ಅವರಿಗೆ.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಡೊಳ್ಳು ಕೇಳುತ್ತದೆ, ಕೊಳಲು ಕೇಳುವುದಿಲ್ಲ ಎಂದು ನಮಗೆ ತಿಳಿಯುವ ಹಾಗೆ ಹೇಳಿದರು. ಹೋದದ್ದು ತಿರುಗಿ ಬರುವುದಿಲ್ಲ, ಮಷೀನಿನಿಂದ ತಕ್ಕಮಟ್ಟಿಗೆ ಅನುಕೂಲವಾಗುತ್ತದೆ, ಮಗ್ಗದ ಮುಂದೆ ಮಾತ್ರ ಅದನ್ನು ತೆಗೆದಿಟ್ಟು ಕಿವಿ ಮುಚ್ಚಿಕೊಳ್ಳಬೇಕು ಎಂದರು.

ಮಷೀನು ಹಾಕಿಕೊಂಡ ಹೊಸದರಲ್ಲಿ ಅವರು ಮನೆಯಲ್ಲಿ ನನಗೆ ಉಸಿರಾಡಲೂ ಬಿಡಲಿಲ್ಲ. ತಾಟು ಇಟ್ಟರೆ ಸಪ್ಪಳ, ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಸಪ್ಪಳ. ಫ್ಯಾನು ಇಷ್ಟು ಸದ್ದು ಮಾಡುತ್ತಿತ್ತೇ ಎಂದು ಅದನ್ನು ರಿಪೇರಿ ಮಾಡಿಸಿದರು. ನನಗಂತೂ “ಯಾಕಿಷ್ಟು ಒದರತಿ? ಸಣ್ಣಗ ಮಾತಾಡು” ಎಂದುಬಿಟ್ಟರು. ಒದರುವುದನ್ನು ಕಲಿಸಿದವರೇ ಈ ಮಾತು ಹೇಳಿದರೆ ಏನು ಮಾಡುವುದು.

ಅಭ್ಯಾಸವಾದ ಮೇಲೆ ನನ್ನ ಪಟ್ಟಿಯ ಹಾಡುಗಳನ್ನು ಮೊದಲಿನಿಂದ ಹಚ್ಚು ಎಂದು ಹಟ ಹಿಡಿದು ಕುಳಿತರು. ಬೆಳ್ಳಟ್ಟಿಯ ಹುಡುಗಿಯ ಉತ್ತರಕ್ಕೆ ಬಿದ್ದು ಬಿದ್ದು ನಕ್ಕರು. ಲಕ್ಷ್ಮೇಶ್ವರದ ಮೊಹರಂ ಪದ ಕೇಳಿ ಮತ್ತೊಮ್ಮೆ ಹಚ್ಚಿಸಿದರು. ಸಿನಿಮಾ ಹಾಡು ನೆಟ್ಟಗಿಲ್ಲ, ಹಾಡುವವನಿಗೆ ನೆಗಡಿ ಆಗಿದೆ ಎಂದರು. ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಎಷ್ಟು ಖುಷಿಯಾಯಿತು ಎಂದರೆ, ಆ ಹಾಡಿನ ಮೇಲೆ ರಾತ್ರಿ ಊಟದವರೆಗೂ ವಾದ ಮಾಡಿದೆವು. ದೊಡ್ಡವ್ವನ ಪದ ಮಾತ್ರ ಪೂರ್ತಿ ದಕ್ಕಲಿಲ್ಲ. ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು, ಉಳಿದದ್ದನ್ನು ನಾನು ಬಿಡಿಸಿ ಹೇಳಿದೆ.

ಇದಾಗಿ ಎರಡು ದಿನ ಆಗಿರಬೇಕು. ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ನಾದಲು ಬಡಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದರೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಮಗ್ಗಕ್ಕೆ ಹೋಗುವ ಹೊತ್ತಾಗಿತ್ತು. ಬುತ್ತಿ ಇನ್ನೂ ಆಗಿಲ್ಲ, ಅವಸರ ಮಾಡಬೇಡಿ ಎಂದೆ. ಬುತ್ತಿ ಕೇಳಲು ಬಂದಿರಲಿಲ್ಲ ಅವರು.

“ಈಗ ಏನು ಹಾಡಾಕತ್ತಿದ್ದಿ ನೀ?”

ಹಾಡುತ್ತಿದ್ದೆನೇ ಎಂದು ನಾನೇ ಯೋಚಿಸಬೇಕಾಯಿತು. ರೊಟ್ಟಿ ಮಾಡುವಾಗ ಬಾಯಿಗೆ ಬಂದದ್ದು ಏನೋ ಒಂದು ಗುನುಗುತ್ತೇನೆ. ಅದಕ್ಕೆ ಹೆಸರಿಲ್ಲ, ಸರಿಯಾದ ಮಾತೂ ಇಲ್ಲ.

“ದಿನಾ ಹಾಡತೀಯೇನು?”

“ಮದಿವಿ ಆಗಿ ಈ ಮನಿಗೆ ಬಂದಾಗಿಂದ ಹಾಡಾಕತ್ತೇನ್ರಿ” ಎಂದೆ.

ಅವರು ಕಿವಿಯ ಮಷೀನನ್ನು ಬೆರಳಿನಿಂದ ಒಮ್ಮೆ ಸರಿಮಾಡಿಕೊಂಡು, ನೀರಿನ ಕೊಡದ ಪಕ್ಕದ ಮಣೆ ಎಳೆದುಕೊಂಡು ನನಗೆ ಬೆನ್ನು ಮಾಡಿ ಹಾಡು ಕೇಳಲು ಕುಳಿತರು.