ಬಿಸಿ ತಿಳಿಯದ ಕೈಯಲ್ಲಿ ತೊಡೆದೇವು

ಬೆಳಗಿನ ಐದೂವರೆ. ಸಾಗರದ ಅಂಚಿನ ಒಂದು ಹಿತ್ತಿಲಲ್ಲಿ, ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ ಆಗಲೇ ಕಾದಿದೆ. ಕೆರಿಯಮ್ಮ ಕೋಲಿಗೆ ಸುತ್ತಿದ ಬಟ್ಟೆಯನ್ನು ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿಗೆ ಒಮ್ಮೆ ಎಳೆಯುತ್ತಾರೆ. ಚುಂಯ್! ಕಾಗದದಷ್ಟು ತೆಳ್ಳಗಿನ ಹಾಳೆ ಸಿದ್ಧ. ಆರುವುದರೊಳಗೆ ಎಬ್ಬಿಸಿ ಮಡಚಬೇಕು, ತಡವಾದರೆ ಪುಡಿಪುಡಿ. ಇದೇ ತೊಡೆದೇವು. ಹಾಳೆಯ ಅಂಚನ್ನು ಅವರು ಎಬ್ಬಿಸುವುದು ನಯ ಮಾಡಿದ ಬಿದಿರಿನ ಚಕ್ಕೆಯಿಂದ. ಆ ಚಕ್ಕೆ ಕೈಗೆ ಬರುವ ಮುಂಚೆ ಮನೆಯಲ್ಲಿ ದೊಡ್ಡ ಜಗಳವೇ ಆಗಿದೆ.

ಕೆರಿಯಮ್ಮನಿಗೆ ಐವತ್ತೊಂಬತ್ತು. ಗಡಿಗೆಯ ಮುಂದೆ ಕೂತು ಮೂವತ್ತೊಂದು ವರ್ಷ, ಸಕ್ಕರೆ ಕಾಯಿಲೆ ಅಂಟಿಕೊಂಡು ಹತ್ತೊಂಬತ್ತು. ಊರಿಗೆಲ್ಲ ಸಿಹಿ ಹಂಚುವ ಈ ಹೆಂಗಸು ತಾನು ಮಾಡಿದ್ದನ್ನು ಚೂರೂ ಬಾಯಿಗಿಡುವ ಹಾಗಿಲ್ಲ! ರುಚಿ ನೋಡುವುದು ಸೊಸೆ ಸುಚಿತ್ರಾಳ ಪಾಲು.

ತೊಡೆದೇವು ಮಾಡುವವರಲ್ಲಿ ಒಂದು ದೊಡ್ಡಸ್ತಿಕೆಯಿದೆ. ಹಾಳೆಯನ್ನು ಬರಿಗೈಯಲ್ಲೇ ಎಬ್ಬಿಸಬೇಕು. 'ಉಫ್' ಅಂದವಳು ಇನ್ನೂ ಕಲಿಯುವವಳು. ನಾಲ್ಕೈದು ವರ್ಷಗಳಿಂದ ಕೆರಿಯಮ್ಮನ ಬೆರಳಿಗೆ ಬಿಸಿಯೇ ತಾಗುತ್ತಿರಲಿಲ್ಲ. ಕೈ ಪಳಗಿದೆ ಎಂದು ಎಲ್ಲರೂ ಹೊಗಳಿದರು, ಇವರೂ ಉಬ್ಬಿದರು. "ಬೆಂಕಿನೇ ನಂಗೆ ಹೆದರ್ತದೆ ಅಂತ ಕೊಚ್ಕೊಂಡಿದ್ದೆ ಮಾರಾಯ್ರೇ. ಎಂಥ ಪೆದ್ದಿ ನಾನು!"

ಹೋದ ವರ್ಷ ತೀರ್ಥಹಳ್ಳಿಯ ಒಂದು ಮದುವೆ ಮನೆ. ಎಲ್ಲಿಂದಲೋ ಸೀದ ವಾಸನೆ. "ಹಿಟ್ಟು ಹತ್ತಿತು ಕಾಣ್ತದೆ ಅಂತ ಗಡಿಗೆ ಒರೆಸ್ದೆ. ಮತ್ತೂ ವಾಸನೆ. ಸುಚಿತ್ರಾ ಕಿರುಚಿದ್ಳು. ನೋಡ್ತೀನಿ, ಸೀದಿದ್ದು ನನ್ ಬೆರಳೇ!"

ಆಸ್ಪತ್ರೆಯಲ್ಲಿ ಡಾಕ್ಟರ್ ಗಿರಿಧರ ಕಣ್ಣು ಮುಚ್ಚಿಸಿ ಬೆರಳ ತುದಿಗಳಿಗೆ ನೈಲಾನ್ ಎಳೆ ಮುಟ್ಟಿಸಿದರು. ಹತ್ತರಲ್ಲಿ ಆರು ಬೆರಳಿಗೆ ಅದು ಗೊತ್ತೇ ಆಗಲಿಲ್ಲ. ಕೈ ಮುಗಿಯಿರಿ ಎಂದರು. ಬಿಗಿದ ಬೆರಳುಗಳು ಒಂದಕ್ಕೊಂದು ಪೂರ್ತಿ ಕೂಡಲಿಲ್ಲ. ಇದು ಪಳಗಿದ ಕೈಯಲ್ಲ, ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನು ತಿಂದು ಕೀಲುಗಳನ್ನು ಬಿಗಿಸಿದ ಕೈ ಎಂದು ತಿಳಿಸಿ, ಒಲೆಯ ಸಹವಾಸ ಬಿಡಿ ಎಂದರು.

ಸುಚಿತ್ರಾ ಅಂದೇ ಗಡಿಗೆಯನ್ನು ಅಟ್ಟಕ್ಕೇರಿಸಿದಳು. ಹನ್ನೊಂದು ದಿನ ಅತ್ತೆ ಸೊಸೆಗೆ ಮಾತಿಲ್ಲ. ಹನ್ನೆರಡನೆಯ ದಿನ ಕೆರಿಯಮ್ಮ ತಾವೇ ಏಣಿ ಹಾಕಿದರು. "ಬಿದ್ರೆ ಸೊಂಟಾನೂ ಹೋಗ್ತದೆ ಅತ್ತೆ ಅಂದ್ಳು. ಹೋಗ್ಲಿ, ಸುಮ್ನೆ ಕೂತ್ರೆ ನಾನೇ ಹೋಗ್ತೀನಿ ಅಂದೆ." ಸೊಸೆ ಅಳುತ್ತಲೇ ಏಣಿ ಹಿಡಿದಳು. ಆದರೆ ಬರಿಗೈ ಗಡಿಗೆಗೆ ತಾಗಬಾರದು ಎಂದು ಮಾತು ತೆಗೆದುಕೊಂಡಳು.

ಅಲ್ಲಿಂದ ಹಾಳೆ ಎಬ್ಬಿಸಲು ಬಿದಿರಿನ ಚಕ್ಕೆ ಬಂತು, ಕೆಲಸದ ರೀತಿಯೇ ಬದಲಾಯಿತು. ಗಡಿಗೆಯ ಕಾವನ್ನು ಈಗ ಕಿವಿ ಹೇಳುತ್ತದೆ: 'ಚುಂಯ್' ಸಣ್ಣಗಿದ್ದರೆ ಇನ್ನೂ ಕಾಯಬೇಕು, ಚಟಪಟ ಅಂದರೆ ಕೊಳ್ಳಿ ಹಿಂದೆಳೆಯಬೇಕು. ಇಪ್ಪತ್ತೈದು ಹಾಳೆಗೊಮ್ಮೆ ಸುಚಿತ್ರಾ ಹತ್ತೂ ಬೆರಳನ್ನು ತಿರುಗಿಸಿ ನೋಡುತ್ತಾಳೆ. ಇನ್ಸುಲಿನ್ ಒಂದು ಹೊತ್ತೂ ತಪ್ಪುವುದಿಲ್ಲ. ಮೊದಲು ಬೆಳಗಿಗೆ ಇನ್ನೂರು ಹಾಳೆ, ಈಗ ನೂರಹತ್ತು.

"ಚಕ್ಕೆ ಹಿಡಿದ್ಮೇಲೆ ನೀ ಎಂಥ ತೊಡೆದೇವು ಮಾಡೋಳೇ?" ಎಂದು ಜೊತೆಯವರು ಕೆಣಕಿದರೆ ಕೆರಿಯಮ್ಮ ಬಿಡುವ ಪೈಕಿಯಲ್ಲ. "ಕಣ್ಣು ಮುಚ್ಚು, ಕೈ ತಾ ಇಲ್ಲಿ" ಎಂದು ಅಲ್ಲೇ ಬೆರಳಿಗೆ ಹತ್ತಿಯ ಎಳೆ ತಾಗಿಸಿ ಕೇಳುತ್ತಾರೆ. ಹೊಸನಗರದ ಮದುವೆ ಅಡುಗೆಮನೆಯೊಂದರಲ್ಲಿ ಹೀಗೆ ಎಳೆ ತಾಗಿದ್ದೇ ತಿಳಿಯದ ಇಬ್ಬರು ಸಿಕ್ಕಿಬಿದ್ದರು. ಮರುದಿನವೇ ರಕ್ತ ಪರೀಕ್ಷೆಗೆ ಅಟ್ಟಿದರು. "ಬಿಸಿ ತಾಗ್ದಿದ್ರೆ ಹೆಮ್ಮೆ ಪಡ್ಬೇಡ್ರೇ, ಆಸ್ಪತ್ರೆಗೆ ಹೋಗ್ರೇ ಅಂತ ಬಾಯಿ ಬಡ್ಕೊಳ್ತೀನಿ."

ಕಳೆದ ತಿಂಗಳು ಡಾಕ್ಟರು ಅವರ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಸ ಸುಟ್ಟಗಾಯ ಒಂದೂ ಇಲ್ಲ. ಆಸ್ಪತ್ರೆಯ ಕಾರ್ಡಿನಲ್ಲಿ ಉದ್ಯೋಗದ ಮುಂದೆ 'ಇಲ್ಲ' ಎಂದಿರುವುದನ್ನು ಸುಚಿತ್ರಾ ಆಗ ಓದಿ ಹೇಳಿದಳು. ಕೆರಿಯಮ್ಮನಿಗೆ ಎಲ್ಲಿತ್ತೋ ಸಿಟ್ಟು!

"ಇದೆಂತದು ಡಾಕ್ಟ್ರೇ? ಹೊಡೆದ್ಹಾಕಿ. ತೊಡೆದೇವು ಮಾಡೋಳು ಅಂತ ಬರೀರಿ, ಅಲ್ಲೀತಂಕ ನಾ ಏಳಲ್ಲ ಅಂತ ಕೂತೆ. ಬರೆದ್ರು. ನಂಗೆ ಓದಕ್ಕೆ ಬರಲ್ಲ, ಸುಚಿತ್ರಾ ಹತ್ರ ಎರಡು ಸಲ ಓದಿಸ್ದೆ."